ಪ್ರಶಸ್ತಿ ಪದ್ಯದಿಂದ ಮುಖಪುಟದವರೆಗೆ: ಮಹಾಪ್ರಬಂಧದ ಹೊರರೂಪ

ಮಹಾಪ್ರಬಂಧವನ್ನು ವಿಶ್ವವಿದ್ಯಾಲಯಕ್ಕೆ ಸಲ್ಲಿಸುವ ಹೊತ್ತಿಗೆ ಅಂಚಿನ ಅಳತೆ, ಮುಖಪುಟದ ಒಕ್ಕಣೆ, ಘೋಷಣಾ ಪತ್ರ, ಮಾರ್ಗದರ್ಶಕರ ದೃಢೀಕರಣ, ಅಡಿಟಿಪ್ಪಣಿ, ಗ್ರಂಥಋಣ ಇವುಗಳ ನಿಯಮಗಳನ್ನು ಸಂಶೋಧಕರು ಕಚೇರಿಯ ಕಿರುಕುಳವೆಂದು ಭಾವಿಸುವುದುಂಟು. ಆದರೆ ಈ ನಿಯಮಗಳ ಹಿಂದಿರುವ ಪ್ರಶ್ನೆಗಳು ನಮ್ಮ ಗ್ರಂಥಪರಂಪರೆಗೆ ಹೊಸವಲ್ಲ. ಬರೆದವರಾರು, ಯಾರಲ್ಲಿ ಕಲಿತರು, ಯಾವಾಗ ಮುಗಿಸಿದರು ಎಂಬುದನ್ನು ಓಲೆಗರಿಯ ಗ್ರಂಥಗಳು ಕೊನೆಯ ಪ್ರಶಸ್ತಿ ಪದ್ಯಗಳಲ್ಲಿ ಹೇಳುತ್ತಿದ್ದವು.

ಮೂಡಬಿದಿರೆಯಲ್ಲಿ ಹಳಗನ್ನಡ ಲಿಪಿಯ ಓಲೆಗಳಲ್ಲಿ ಉಳಿದುಬಂದ ವೀರಸೇನಾಚಾರ್ಯರ ‘ಧವಳಾ’ ಟೀಕೆ ಇದಕ್ಕೆ ನಿದರ್ಶನ. ಅದರ ಪ್ರಶಸ್ತಿಯಲ್ಲಿ ಅವರು ತಮಗೆ ಸಿದ್ಧಾಂತವನ್ನು ಕಲಿಸಿದ ಏಲಾಚಾರ್ಯರನ್ನೂ ಗುರು ಆರ್ಯನಂದಿಯವರನ್ನೂ ಗುರುವಿನ ಗುರು ಚಂದ್ರಸೇನರನ್ನೂ ಹೆಸರಿಸಿದ್ದಾರೆ. ಗ್ರಂಥ ಮುಗಿದ ಕಾಲವನ್ನೂ ತಿಳಿಸಿದ್ದಾರೆ. ದುರ್ದೈವದಿಂದ ಆ ಕಾಲಸೂಚಕ ಪದ್ಯದ ಪಾಠ ಪ್ರತಿಗಳಲ್ಲಿ ಕೆಟ್ಟಿದೆ. 1939ರಿಂದ ಈ ಟೀಕೆಯನ್ನು ಅಚ್ಚಿಗೆ ತಂದ ಹೀರಾಲಾಲ ಜೈನರು ಅದನ್ನು ಶಕ 738, ಎಂದರೆ ಕ್ರಿ.ಶ. 816 ಎಂದು ನಿರ್ಣಯಿಸಿದರು. ಜ್ಯೋತಿಪ್ರಸಾದ ಜೈನರು ವಿಕ್ರಮ 838, ಎಂದರೆ ಕ್ರಿ.ಶ. 780 ಎಂದು ವಾದಿಸಿದರು. ಮೊದಲ ಎಣಿಕೆಯಂತೆ ಗ್ರಂಥವು ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಗೆ ಸೇರುತ್ತದೆ. ಎರಡನೆಯದರಂತೆ ಅವನ ಜನನಕ್ಕಿಂತಲೂ ಹಿಂದಿನದಾಗುತ್ತದೆ. ಒಂದು ಪದ್ಯದ ಕೆಲವು ಅಕ್ಷರಗಳು ಅಳಿಸಿಹೋದರೆ ಚರಿತ್ರೆಗೆ ಆಗುವ ನಷ್ಟ ಇಷ್ಟು.

ಮುಖಪುಟದ ವರ್ಷ, ಮಾರ್ಗದರ್ಶಕರ ಹೆಸರು, ವಿಭಾಗ, ವಿಶ್ವವಿದ್ಯಾಲಯ ಇವು ಇಂದಿನ ಪ್ರಶಸ್ತಿ. ಅಡಿಟಿಪ್ಪಣಿಯ ಹೊಣೆ ಇನ್ನೂ ದೊಡ್ಡದು. ಹಸ್ತಪ್ರತಿಯನ್ನು ಆಧರಿಸಿದ ಪ್ರಬಂಧದಲ್ಲಿ ಭಂಡಾರದ ಹೆಸರು, ಪ್ರತಿಯ ಸಂಖ್ಯೆ, ಗರಿಯ ಸಂಖ್ಯೆ, ಸಾಧ್ಯವಾದರೆ ಪಂಕ್ತಿ ಇವಿಷ್ಟೂ ಇರಬೇಕು. ‘ಓಲೆಪ್ರತಿಯೊಂದರಲ್ಲಿ’ ಎಂದಷ್ಟೇ ಬರೆದರೆ ಮುಂದಿನ ಸಂಶೋಧಕನು ಆ ಆಧಾರವನ್ನು ಪರೀಕ್ಷಿಸಲಾರ.

ಪಾಠ ಕೆಡುವ ಅಪಾಯ ಓಲೆಯ ಕಾಲಕ್ಕೆ ಮುಗಿಯಲಿಲ್ಲ. 2009ರ ಯುಜಿಸಿ ನಿಯಮಾವಳಿಯು ಪಿಎಚ್.ಡಿ. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ವಿಧಿಸಿತು. 2016ರ ನಿಯಮಾವಳಿಯಂತೆ ಪದವಿ ಘೋಷಣೆಗೆ ಮೊದಲೇ ಆ ಪ್ರತಿ ಇನ್‌ಫ್ಲಿಬ್‌ನೆಟ್‌ಗೆ ಸೇರಬೇಕಾಯಿತು. ಅದರ ‘ಶೋಧಗಂಗಾ’ ಭಂಡಾರವೇ ಇಂದಿನ ಶಾಸ್ತ್ರಭಂಡಾರ. ಆದರೆ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡದ ಆಕೃತಿಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿದ್ದವು. ಅವುಗಳಲ್ಲಿ ಸಿದ್ಧವಾದ ಪುಟ ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕಕ್ಕೆ ಅರ್ಥವಿಲ್ಲದ ಅಕ್ಷರರಾಶಿ. ‘ನಿಸಿಧಿ’ ಎಂದು ಹುಡುಕಿದವನಿಗೆ ನಿಸಿಧಿಯನ್ನೇ ಕುರಿತ ಪ್ರಬಂಧವೂ ದೊರೆಯದೆ ಹೋಗಬಹುದು.

ಆದ್ದರಿಂದ ಯುನಿಕೋಡ್‌ನಲ್ಲಿ ಬರೆಯುವುದು, ಸಲ್ಲಿಸುವ ಮುನ್ನ ಪಿಡಿಎಫ್ ಕಡತದಲ್ಲಿ ಒಂದೆರಡು ಪದಗಳನ್ನು ಹುಡುಕಿ ನೋಡುವುದು, ಪುಟಸಂಖ್ಯೆಯನ್ನೂ ಪರಿವಿಡಿಯನ್ನೂ ತಾಳೆನೋಡುವುದು ಸಂಶೋಧನೆಯದೇ ಭಾಗ. ಪ್ರತಿ ಮಾಡಿಕೊಟ್ಟ ಲಿಪಿಕಾರನು ಓಲೆಯ ಕೊನೆಯಲ್ಲಿ ಓದುಗರಿಗೆ ಬೇಡಿಕೊಳ್ಳುತ್ತಿದ್ದುದೂ ಇಷ್ಟನ್ನೇ: ಬಹಳ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನವಾಗಿ ಕಾಪಾಡಿ ಎಂದು.