ಕೂರಿಸೋದು ಕೋರ್ಟು, ಒಪ್ಪೋದು ನಾವು

ಬೇಲಾಪುರದಿಂದ ಮಾತಾಡ್ತಿದ್ದೇನೆ. ಇವತ್ತಿನದು ಸ್ವಲ್ಪ ಕಾನೂನಿನ ಇತಿಹಾಸ, ಆದರೆ ಶುರುವಾಗೋದು ನಮ್ಮ ಮನೆಯಿಂದಲೇ.

ದೊಡ್ಡಪ್ಪನ ಮಗ ತುರ್ಭೆಯ ಎಪಿಎಂಸಿ ಮಾರ್ಕೆಟ್ಟಿನಲ್ಲಿ ಟೆಂಪೊ ಓಡಿಸುತ್ತಿದ್ದ. ಸಾಯನ್-ಪನ್ವೇಲ್ ಹೆದ್ದಾರಿಯಲ್ಲಿ ಲಾರಿ ಗುದ್ದಿ ತೀರಿಕೊಂಡಾಗ ಅವನಿಗೆ 38. ವೈನಿ ಇಬ್ಬರು ಮಕ್ಕಳನ್ನು ಕರ್ಕೊಂಡು ಇಂಡಿಗೆ ವಾಪಸ್ ಹೋದರು. ಪರಿಹಾರದ ಕೇಸು ಮಾತ್ರ ಠಾಣೆಯಲ್ಲಿ. ನಾಲ್ಕು ವರ್ಷ, ತಾರೀಖಿಗೊಮ್ಮೆ ರಾತ್ರಿ ಬಸ್ಸು. ಒಂದು ದಿನ ನ್ಯಾಯಾಧೀಶರು ಕೇಸನ್ನು ಮಧ್ಯಸ್ಥಿಕೆಗೆ ಕಳಿಸಿದರು. ವೈನಿ ಹೊರಗೆ ಬಂದು ಕೇಳಿದರು: "ತಮ್ಮಾ, ಸಾಹೇಬ್ರು ಹೇಳ್ಯಾರಂದ್ರ ಸಹಿ ಮಾಡಲೇಬೇಕೇನು? ಮಾಡಲಿಲ್ಲಂದ್ರ ಕೇಸ್ ಹೋಗ್ತದೇನು?"

ಉತ್ತರ ಗೊತ್ತಿರಲಿಲ್ಲ. ಅವತ್ತು ರಾತ್ರಿ ಕೂತು ಓದಿದೆ.

ಮೊದಲು ಇಂಥ ಪರಿಹಾರಕ್ಕೆ 1855ರ ಕಾಯ್ದೆಯಡಿ ಸಿವಿಲ್ ಕೋರ್ಟಿಗೇ ಹೋಗಬೇಕಿತ್ತು. 1956ರ ತಿದ್ದುಪಡಿಯಿಂದ ಮೋಟಾರು ಅಪಘಾತಕ್ಕೆಂದೇ ನ್ಯಾಯಮಂಡಳಿ ಬಂತು. ಬೇಗ ಮುಗಿಯಲಿ ಅಂತ ಮಾಡಿದ್ದು. ಅಲ್ಲೂ ಫೈಲು ಗುಡ್ಡೆಯಾದವು. 1994ರ ತಿದ್ದುಪಡಿಯಿಂದ ಅರ್ಜಿದಾರರು ತಾವು ವಾಸವಿರುವ ಊರಿನಲ್ಲೇ ಕೇಸು ಹಾಕಬಹುದು. ಊರು ಬಿಟ್ಟು ಬಂದ ನಾವೆಲ್ಲ ಇದನ್ನ ನೆನಪಿಟ್ಟುಕೊಳ್ಳಬೇಕು. ನಮಗೆ ತಡವಾಗಿ ಗೊತ್ತಾಯ್ತು.

ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1999ರಲ್ಲಿ ಸೇರಿಸಿದ 89ನೇ ಕಲಮು 2002ರ ಜುಲೈ 1ರಂದು ಜಾರಿಗೆ ಬಂತು: ರಾಜಿಯ ದಾರಿ ಕಂಡರೆ ಕೋರ್ಟು ಹೊರಗೆ ಕಳಿಸಬಹುದು. 2005ರಲ್ಲಿ ಚೆನ್ನೈ, 2007ರಲ್ಲಿ ಬೆಂಗಳೂರು, ಹೀಗೆ ಮಧ್ಯಸ್ಥಿಕೆ ಕೇಂದ್ರಗಳು ತೆರೆದವು. 2010ರ ಆಫ್ಕಾನ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅಪಘಾತ ಪರಿಹಾರದ ಕೇಸುಗಳೂ ಇದಕ್ಕೆ ತಕ್ಕವು ಎಂದಿತು. ಮಧ್ಯಸ್ಥಿಕೆಗೆ ಕಳಿಸಲು ಎರಡೂ ಕಡೆಯ ಒಪ್ಪಿಗೆ ಬೇಡ, ಆದರೆ ರಾಜಿಗೆ ಬೇಕೇ ಬೇಕು. ಆಗದಿದ್ದರೆ ಕೇಸು ನಿಂತ ಜಾಗದಿಂದಲೇ ಮುಂದುವರಿಯುತ್ತದೆ. 2019ರಲ್ಲಿ ಎಂ.ಆರ್. ಕೃಷ್ಣಮೂರ್ತಿ ಪ್ರಕರಣದಲ್ಲಿ ಅದೇ ಕೋರ್ಟು, ಇಂಥ ಕೇಸುಗಳಿಗೆ ಜಿಲ್ಲೆಗೊಂದು ಮಧ್ಯಸ್ಥಿಕೆ ಪ್ರಾಧಿಕಾರ ಮಾಡುವುದನ್ನು ಪರಿಶೀಲಿಸಿ ಎಂದು ಸರ್ಕಾರಕ್ಕೆ ಹೇಳಿತು.

ವೈನಿಗೆ ಇಷ್ಟೇ ಹೇಳಿದೆ: "ಕೂರೋದು ಆದೇಶ. ಸಹಿ ನಿಮ್ಮಿಷ್ಟ."

ಮೊದಲ ಬೈಠಕ್ಕಿನಲ್ಲಿ ವಿಮೆ ಕಂಪನಿ 9.6 ಲಕ್ಷ ಅಂದಿತು. ಸಂಬಳದ ಚೀಟಿ ಇಲ್ಲ, ಆದ್ದರಿಂದ ತಿಂಗಳ ಆದಾಯ 8,000 ಅಂತ ಹಿಡಿದಿದ್ದರು. ನಾನು ಫೋನಿನಲ್ಲಿ ಲೆಕ್ಕ ಮಾಡಿದೆ. ಆದಾಯ 15,000, ಸ್ವಂತ ಖರ್ಚಿಗೆ ಮೂರನೇ ಒಂದು ಪಾಲು ಕಳೆದರೆ 10,000. 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ 36ರಿಂದ 40 ವಯಸ್ಸಿಗೆ ಗುಣಕ 15. ಅಂದರೆ 18 ಲಕ್ಷ. 2017ರ ಪ್ರಣಯ್ ಸೇಠಿ ತೀರ್ಪಿನಂತೆ ಮುಂದಿನ ಗಳಿಕೆಗೆ ಶೇ. 40 ಸೇರಿಸಿದರೆ 25.2 ಲಕ್ಷ. ವೈನಿ "ಒಲ್ಲೆ" ಅಂತ ಎದ್ದು ಬಂದರು. ಆ ಒಂದು ಮಾತು ಬರಲು ನಾಲ್ಕು ವರ್ಷ ಬೇಕಾಯ್ತು.

ಮೂರನೇ ಬೈಠಕ್ಕಿನಲ್ಲಿ 17 ಲಕ್ಷಕ್ಕೆ ಸಹಿ ಹಾಕಿದರು. ವಾದ ಮಾಡಿದ್ದರೆ ಜಾಸ್ತಿ ಸಿಗ್ತಿತ್ತೇನೋ. ನಾನು ಅದನ್ನೂ ಹೇಳಿದ್ದೆ. "ಮಗಳ ಪಿಯುಸಿ ಈ ವರ್ಷ ಐತಿ ತಮ್ಮಾ, ಕೋರ್ಟಿನ ವರ್ಷಕ್ಕ ಅಲ್ಲ" ಅಂದರು.

ನಿಮ್ಮವರು ಯಾರಾದರೂ ಹೀಗೆ ಕೂತಿದ್ದರೆ, ಕೂರುವ ಮುಂಚೆ ಲೆಕ್ಕ ಮಾಡಿಸಿ. ಮತ್ತೆ ಸಿಗೋಣ.