ಜೀತ ಇಲ್ಲ ಅಂತ ಎಣಿಸಿದವರು ಯಾರು?

ಮಾಗಡಿ ದಾರಿಯಲ್ಲಿ ಹೋದರೆ ದೂರದಿಂದಲೇ ಕಾಣುತ್ತದೆ ಸಾವನದುರ್ಗ. ಭಾನುವಾರ ಬಂತು ಅಂದ್ರೆ ಬೆಂಗಳೂರಿನ ಹುಡುಗರು ಬೈಕ್ ಏರಿ ಬರ್ತಾರೆ, ಬಂಡೆ ಹತ್ತುತ್ತಾರೆ, ಸೆಲ್ಫಿ ತಗೊಂಡು ಹೋಗ್ತಾರೆ. ಇದೇ ಕೋಟೆಯನ್ನ 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪು ಸುಲ್ತಾನನಿಂದ ಕಿತ್ತುಕೊಂಡಿತು. ತಾರೀಖು ಇಷ್ಟು ಖಚಿತವಾಗಿ ನಮಗೆ ಹೇಗೆ ಗೊತ್ತು? ಗೆದ್ದವರು ಬರೆದಿಟ್ಟರು, ಅದಕ್ಕೇ. ಆದರೆ ಆ ಕಾಡು ಕಡಿದು, ದಾರಿ ಮಾಡಿ, ಗುಡ್ಡದ ಬುಡಕ್ಕೆ ಫಿರಂಗಿ ಸಾಗಿಸೋಕೆ ಬೆವರು ಸುರಿಸಿದ ಆಳುಗಳ ಹೆಸರು ಎಲ್ಲಿದೆ ಸ್ವಾಮಿ?

ಇದು ಹಳೇ ಕಥೆ, ಬಿಡಿ ಅಂತೀರಾ? ಬೇಡ. ಅದೇ ಬಂಡೆಯ ಸುತ್ತಮುತ್ತಲ ಸೀಮೆಯ ಇನ್ನೊಂದು ಲೆಕ್ಕ ಹೇಳ್ತೀನಿ.

1975ರ ಅಕ್ಟೋಬರ್ 25. ದೇಶದಲ್ಲಿ ತುರ್ತು ಪರಿಸ್ಥಿತಿ. ವಿರೋಧ ಪಕ್ಷದವರು ಜೈಲಿನಲ್ಲಿ, ಪತ್ರಿಕೆಗಳ ಬಾಯಿಗೆ ಬೀಗ. ಅಂಥ ದಿನಗಳಲ್ಲೇ ಜೀತ ಪದ್ಧತಿ ರದ್ದು ಮಾಡುವ ಸುಗ್ರೀವಾಜ್ಞೆ ಬಂತು, ಮರುವರ್ಷ ಕಾಯ್ದೆಯೂ ಆಯ್ತು. ವಿಚಿತ್ರ ನೋಡಿ, ಒಂದು ಕೈಯಲ್ಲಿ ಸ್ವಾತಂತ್ರ್ಯ ಕಿತ್ತುಕೊಂಡ ಸರ್ಕಾರ ಇನ್ನೊಂದು ಕೈಯಲ್ಲಿ ಜೀತದಾಳಿನ ಹಗ್ಗ ಬಿಚ್ಚಿತು. ಕಾಗದದ ಮೇಲೆ. 1976ರಲ್ಲೇ ಜಯಪ್ರಕಾಶ್ ನಾರಾಯಣ್ ಪಿಯುಸಿಎಲ್ ಕಟ್ಟಿದರು. ಸರ್ಕಾರ ಹೇಳಿದ್ದನ್ನ ಹಾಗೇ ನಂಬದೆ ಹೋಗಿ ನೋಡಿ ಬರುವ ಜನ ಬೇಕು ಅನ್ನೋದು ಆ ದಿನಗಳು ಕಲಿಸಿದ ಪಾಠ.

ಹೋಗಿ ನೋಡಿದಾಗ ಏನು ಕಂಡಿತು? 1978ರ ಹೊತ್ತಿಗೆ ಗಾಂಧಿ ಶಾಂತಿ ಪ್ರತಿಷ್ಠಾನ ಮತ್ತು ರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಹತ್ತು ರಾಜ್ಯಗಳ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದವು. ಅಂದಾಜು 26 ಲಕ್ಷ ಜೀತದಾಳುಗಳು. ಕರ್ನಾಟಕದ ಪಾಲು 1.93 ಲಕ್ಷ. ನಮ್ಮ ರಾಜ್ಯ ಸರ್ಕಾರ ಅಧಿಕೃತವಾಗಿ ಗುರುತಿಸಿದ್ದು? ಎಷ್ಟೋ ವರ್ಷಗಳ ಲೆಕ್ಕ ಕೂಡಿಸಿದರೂ ಸುಮಾರು 63 ಸಾವಿರ. ಉಳಿದವರು ಎಲ್ಲಿ ಹೋದರು?

ಎಲ್ಲೂ ಹೋಗಲಿಲ್ಲ. ಗೌಡರ ಹೊಲದಲ್ಲೇ ಇದ್ದರು. ಮಗನ ಮದುವೆಗೆ, ಅಪ್ಪನ ತಿಥಿಗೆ ಅಂತ ತಂದ ಸಾಲಕ್ಕೆ ಮನೆಯ ಒಬ್ಬ ಆಳು ವರ್ಷಗಟ್ಟಲೆ ದುಡಿಯಬೇಕು. ಅಸಲು ತೀರಲ್ಲ, ಬಡ್ಡಿಯೂ ತೀರಲ್ಲ. ಇಂಥವರ ಹೆಸರು ಬರೆದುಕೊಂಡು, ಅರ್ಜಿ ತುಂಬಿಸಿ, ಕಚೇರಿ ಬಾಗಿಲಿಗೆ ಕರೆತಂದವರು ಕಿರಣ್ ಕಮಲ್ ಪ್ರಸಾದ್ ಅವರ ‘ಜೀವಿಕ’ದಂಥ ಸಂಘಟನೆಯವರು. ಜೀವಿಕ ಅಂದರೆ ಜೀತ ವಿಮುಕ್ತಿ ಕರ್ನಾಟಕ. ಉಪವಿಭಾಗಾಧಿಕಾರಿ ಸಹಿ ಮಾಡಿದ ಬಿಡುಗಡೆ ಪತ್ರ ಸಿಗದಿದ್ದರೆ ಜೀತದಾಳಿಗೆ ಪುನರ್ವಸತಿ ಹಣ ಪೂರ್ತಿ ಕೈ ಸೇರಲ್ಲ. ಕಚೇರಿ ಯಾಕೆ ಹಿಂಜರಿಯುತ್ತೆ ಅಂತ ನನಗೆ ಅರ್ಥವಾಗುತ್ತೆ. ಒಬ್ಬ ಜೀತದಾಳು ಸಿಕ್ಕ ಅಂದ್ರೆ ಕೇಸು, ಖರ್ಚು, ಜೊತೆಗೆ ಇಷ್ಟು ದಿನ ನೀವೇನು ಮಾಡ್ತಿದ್ರಿ ಅನ್ನೋ ಪ್ರಶ್ನೆ. ‘ಇಲ್ಲ’ ಅಂತ ಬರೆದರೆ ಫೈಲು ಮುಚ್ಚುತ್ತೆ.

2000ನೇ ಇಸವಿಯಲ್ಲಿ ಪಕ್ಕದ ಮಂಡ್ಯ ಜಿಲ್ಲೆಯಲ್ಲಿ, ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಕಾಲಿಗೆ ಸರಪಳಿ ಹಾಕಿದ ಕೂಲಿಗಳು ಪತ್ತೆಯಾದರು. ಸರಪಳಿ, ರೀ! ಕಾಯ್ದೆ ಬಂದು ಆಗಲೇ 24 ವರ್ಷ.

ಮತ್ತೆ ರೇಷ್ಮೆ. ರಾಮನಗರದ ಗೂಡು ಮಾರುಕಟ್ಟೆ ನಮಗೆ ಹೆಮ್ಮೆ, ಇರಲಿ. 2003ರ ಜನವರಿಯಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತ ಮಕ್ಕಳ ಬಗ್ಗೆ ವರದಿ ತಂದಿತು. ಅದರಲ್ಲಿ ನಮ್ಮ ರಾಮನಗರವೂ ಇತ್ತು, ಮಾಗಡಿಯೂ ಇತ್ತು. ಮುಂಗಡ ಪಡೆದ ಅಪ್ಪ ಅಮ್ಮ, ದಿನಕ್ಕೆ 12 ಗಂಟೆ ದುಡಿಯುವ ಮಗು, ಗೂಡು ಬೇಯುವ ಕುದಿನೀರಿಗೆ ಇಳಿಯುವ ಬೆರಳು. ಇದೇ ಸಂಸ್ಥೆ 1996ರಲ್ಲೂ ಜೀತ ಮಕ್ಕಳ ಬಗ್ಗೆ ಬರೆದಿತ್ತು. ಅದೇ ವರ್ಷ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್, ಅಪಾಯದ ಕೆಲಸಕ್ಕೆ ಹಚ್ಚಿದ ಪ್ರತಿ ಮಗುವಿಗೂ ಮಾಲೀಕ 20 ಸಾವಿರ ರೂಪಾಯಿ ಕಟ್ಟಬೇಕು ಅಂದಿತ್ತು. ಏಳು ವರ್ಷ ಬಿಟ್ಟು ಬಂದು ನೋಡಿದರೂ ಮಕ್ಕಳು ಅಲ್ಲೇ. ‘ವಿದೇಶಿಯರು ನಮ್ಮ ಮಾನ ಕಳೀತಾರೆ’ ಅನ್ನೋರಿಗೆ ನನ್ನದೊಂದೇ ಪ್ರಶ್ನೆ: ಮಾನ ಹೋಗೋದು ವರದಿಯಿಂದಲೋ, ಸುಟ್ಟ ಬೆರಳಿನಿಂದಲೋ?

ಜಿನೀವಾದಲ್ಲೂ ಇದೇ ಜಗ್ಗಾಟ. ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ನಾಲ್ಕೈದು ವರ್ಷಕ್ಕೊಮ್ಮೆ ಪ್ರತಿ ದೇಶವನ್ನೂ ಪರಾಮರ್ಶೆಗೆ ಕೂರಿಸುತ್ತೆ. ಭಾರತದ ಸರದಿ 2008, 2012, 2017, 2022ರಲ್ಲಿ ಬಂತು. ಸರ್ಕಾರದ ವರದಿಗೆ 20 ಪುಟ. ಸಂಘ ಸಂಸ್ಥೆಗಳು ಕಳಿಸಿದ್ದನ್ನೆಲ್ಲ ಹಿಂಡಿ ಮಾಡುವ ಸಾರಾಂಶಕ್ಕೆ 10 ಪುಟ. ಇಷ್ಟು ದೊಡ್ಡ ದೇಶದ ಸಂಕಟಕ್ಕೆ ಹತ್ತು ಪುಟ! ಆದರೂ ಅಲ್ಲಿಗೆ ಬರೆದು ಕಳಿಸುವವರು ಇದ್ದಾರೆ ಅನ್ನೋದಕ್ಕೇ ಆ 20 ಪುಟ ಬರೆಯುವವರು ಸ್ವಲ್ಪ ಹುಷಾರಾಗಿ ಬರೀತಾರೆ.

ಅಷ್ಟು ದೂರ ಯಾಕೆ? ಜೀತ ಕಾಯ್ದೆಯ 13ನೇ ಸೆಕ್ಷನ್ ಓದಿ. ಪ್ರತಿ ಜಿಲ್ಲೆಗೆ, ಪ್ರತಿ ಉಪವಿಭಾಗಕ್ಕೆ ಒಂದು ಜಾಗೃತಿ ಸಮಿತಿ ಇರಬೇಕು. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮೂವರು, ಸಮಾಜ ಸೇವಕರು ಇಬ್ಬರು ಕೂರಬೇಕು. ಅಂದರೆ ಹೊರಗಿನವರ ಕಣ್ಣು ಕಾನೂನಿನ ಒಳಗೇ ಇದೆ. 15ನೇ ಸೆಕ್ಷನ್ ಇನ್ನೂ ಗಟ್ಟಿ: ಇದು ಜೀತದ ಸಾಲ ಅಂತ ಆಳು ಹೇಳಿದರೆ, ಅಲ್ಲ ಅಂತ ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು.

ನಿಮ್ಮ ಜಿಲ್ಲೆಯ ಆ ಸಮಿತಿ ಕೊನೆಯ ಸಲ ಯಾವತ್ತು ಸೇರಿತ್ತು, ಯಾರ‍್ಯಾರು ಬಂದಿದ್ದರು, ನಡಾವಳಿಯಲ್ಲಿ ಏನಿದೆ? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಕರ್ನಾಟಕದ ನಿಯಮದ ಪ್ರಕಾರ 150 ಪದ ಮೀರಬಾರದು. ಈ ಪ್ರಶ್ನೆಗೆ ಅಷ್ಟೂ ಬೇಕಾಗಲ್ಲ.