ದಾಕು ತಡವಾದದ್ದು ಯಾರಿಂದ?

ಸಿಡುಬಿನ ದಾಕು ನಮ್ಮ ಊರುಕೇರಿಗಳನ್ನು ತಲುಪಲು ಒಂದೂವರೆ ಶತಮಾನಕ್ಕೂ ಹೆಚ್ಚು ಹಿಡಿಯಿತು, ಅದಕ್ಕೆ ಜನರ ಮೂಢನಂಬಿಕೆಯೇ ಕಾರಣ ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಇದು ಅನ್ಯಾಯದ ಮಾತು ಅನಿಸುತ್ತದೆ. ಭಾರತದಲ್ಲಿ ಮೊದಲ ದಾಕು ಬಿದ್ದದ್ದು 1802ರ ಜೂನ್ 14ರಂದು, ಮುಂಬಯಿಯ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ. ಮೂರೇ ವರ್ಷದಲ್ಲಿ, ಮೈಸೂರಿನಲ್ಲಿ ಥಾಮಸ್ ಹಿಕಿ ಅರಮನೆಯ ಮೂವರು ಹೆಣ್ಣುಮಕ್ಕಳ ಚಿತ್ರ ಬರೆದ. ಬಲಬದಿಯ ಎಳೆಯ ರಾಣಿಯ ಸೆರಗು ಸರಿದು ತೋಳು ಕಾಣುತ್ತದೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ದಾಕಿನ ಜಾಗ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅರ್ಥೈಸಿದ್ದಾರೆ. ಅದು ಅವರ ಊಹೆಯೇ ಸರಿ. ಆದರೆ ನಿಜವಾಗಿದ್ದರೆ, ಸಂಪ್ರದಾಯದ ಅಂತಃಪುರವೇ ಜನರಿಗಿಂತ ಮುಂಚೆ ತೋಳೊಡ್ಡಿತ್ತು.

ಹಾಗಾದರೆ ಜನ ಹಿಂಜರಿದದ್ದು ಯಾವುದಕ್ಕೆ? ಆಗಿನ ದಾಕು ಸೀಸೆಯಲ್ಲಿ ಬರುವ ಮದ್ದಲ್ಲ. ಒಂದು ಮಗುವಿನ ತೋಳಿನ ಗುಳ್ಳೆ ಎಂಟನೆಯ ದಿನಕ್ಕೆ ಮುತ್ತಿನಂತೆ ತುಂಬಿದಾಗ ಅದನ್ನು ಚುಚ್ಚಿ, ಒಸರಿದ ತಿಳಿರಸವನ್ನು ಇನ್ನೊಂದು ಮಗುವಿನ ತೋಳು ಗೀರಿ ಸವರಬೇಕಿತ್ತು. ಡಸ್ಟ್‌ಹಾಲ್ ಮಗುವಿನ ತೋಳಿನಿಂದಲೇ ಮುಂಬಯಿಯ ಮತ್ತೆ ಐದು ಮಕ್ಕಳಿಗೆ ಅದು ದಾಟಿತು. ಸರಪಳಿ ಕಡಿದರೆ ಮದ್ದೇ ಇಲ್ಲ. ಹಾಗಾಗಿ ತಾಯಿ ಜ್ವರದ ಕೂಸನ್ನು ಮತ್ತೆ ಎತ್ತಿಕೊಂಡು ಬಂದು, ಹುಣ್ಣನ್ನು ಚುಚ್ಚಿಸಬೇಕು. ಅದೂ ಬೇರೊಬ್ಬರ ಮಗುವಿಗಾಗಿ. ತನ್ನ ಕೂಸಿಗೆ ಸೇರಿದ್ದು ಯಾರ ಮೈಯ ರಸ ಎಂಬುದೂ ಅವಳ ಕೈಯಲ್ಲಿರಲಿಲ್ಲ. ಹೀಗೆ ಉಪದಂಶದಂಥ ರೋಗವೂ ದಾಟುತ್ತದೆಂದು ಯುರೋಪಿನ ವೈದ್ಯರೇ ಮುಂದೆ ಒಪ್ಪಿದರು; ಬ್ರಿಟನ್ 1898ರಲ್ಲಿ ಈ ಪದ್ಧತಿಯನ್ನು ನಿಷೇಧಿಸಿತು. ಆ ತಾಯಿಯ ಅಂಜಿಕೆಯಲ್ಲಿ ವಿವೇಕವಿತ್ತು.

ದೇವರ ಭಯ ಇರಲೇ ಇಲ್ಲವೇ ಎಂದು ಕೇಳಬಹುದು. ಇತ್ತು. ಸಿಡುಬೆದ್ದರೆ ಅಮ್ಮ ಬಂದಳೆಂದು ಬಾಗಿಲಿಗೆ ಬೇವು ಕಟ್ಟಿದರು. ಆದರೆ ಉತ್ತರ ಕರ್ನಾಟಕದವರು ದಾಕು ಹಾಕುವುದನ್ನೇ 'ದೇವಿ ಹಾಕುವುದು' ಎಂದರು. ಅಮ್ಮನಿಗೆ ದ್ರೋಹವೆಂದು ಬಗೆದ ಕೆಲಸಕ್ಕೆ ಅಮ್ಮನ ಹೆಸರನ್ನೇ ಇಡುತ್ತಿದ್ದರೇ? ಮಾರಮ್ಮನ ಗುಡಿಯೇ ಇಲ್ಲದ ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲೂ 1885ರಲ್ಲಿ ಕಡ್ಡಾಯ ದಾಕನ್ನು ವಿರೋಧಿಸಿ ಸಾವಿರಾರು ಜನ ಬೀದಿಗಿಳಿದರು.

ಬದಲಾಗಬೇಕಾದದ್ದು ಮದ್ದು, ಅದನ್ನು ತಲುಪಿಸುವ ಬಗೆ. 1950ರ ದಶಕದಲ್ಲಿ ಬಿಸಿಲ ನಾಡಿಗೂ ಕೆಡದೆ ಸಾಗುವ ಒಣ ಲಸಿಕೆ ಸಿದ್ಧವಾಯಿತು, ಮುಂದಿನ ದಶಕದಲ್ಲಿ ಕವಲು ಮೊನೆಯ ಸೂಜಿ ಬಂತು, ಆಮೇಲೆ ಕಾರ್ಯಕರ್ತರು ಮನೆಮನೆಗೆ ನಡೆದು ರೋಗಿಗಳನ್ನು ಹುಡುಕಿದರು. ಕೆಲವೆಡೆ ಬಲವಂತವೂ ನಡೆಯಿತು, ಅದನ್ನು ಮರೆಮಾಚಬಾರದು. ಆದರೂ ಬಹುಪಾಲು ಜನ, ಅಮ್ಮನಿಗೆ ಕೈಮುಗಿಯುವುದನ್ನು ಬಿಡದೆಯೇ, ತೋಳೊಡ್ಡಿದರು. ಭಾರತದ ನೆಲದಲ್ಲಿ ಹರಡಿದ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ.